ಹಿಮಾಲಯದ ಹೆದ್ದಾರಿಗಳಲ್ಲಿ ಪಥಿಕರ ಹಿತ

ಮಾರ್ಗವನ್ನು ಕಡಿದು ತೆರೆದ ಮಾತ್ರಕ್ಕೆ ರಾಜ್ಯದ ಕರ್ತವ್ಯವು ಮುಗಿಯದೆಂಬುದು ನಮ್ಮ ದೇಶದಲ್ಲಿ ಬಹು ಹಿಂದಿನಿಂದ ಬಂದಿರುವ ನೀತಿ. ಅಶೋಕ ಚಕ್ರವರ್ತಿಯು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ತಂಗುಮನೆಗಳನ್ನು ಕಟ್ಟಿಸಿದ ಸಂಗತಿಯನ್ನು ತನ್ನ ಸ್ತಂಭಶಾಸನದಲ್ಲಿ ಬರೆಯಿಸಿದ್ದಾನೆ. ಕನ್ನಡನಾಡಿನ ಛತ್ರಗಳೂ ಅರವಟ್ಟಿಗೆಗಳೂ ಇದೇ ಧರ್ಮಬುದ್ಧಿಯ ಫಲಗಳು. ಈ ಪರಂಪರೆಯು ಇಂದು ದೇಶದ ಉತ್ತರದ ಎಲ್ಲೆಯಲ್ಲಿ ಹೊಸದೊಂದು ಪರೀಕ್ಷೆಗೆ ಒಳಗಾಗಿದೆ.

೧೯೬೦ನೆಯ ಇಸವಿಯಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯು ಮುಖ್ಯವಾಗಿ ಸೈನ್ಯದ ಅವಶ್ಯಕತೆಗಾಗಿ ತೆರೆದು ಕಾಪಾಡಿಕೊಂಡು ಬಂದಿರುವ ದಾರಿಗಳಲ್ಲಿ ಈಗ ಬೇಸಗೆಯಲ್ಲಿ ಪ್ರವಾಸಿಗರ ವಾಹನಗಳೂ ಸಾಲುಗಟ್ಟಿ ಸಾಗುತ್ತವೆ. ಇದನ್ನು ಮನಗಂಡು ರಕ್ಷಣಾ ಮಂತ್ರಾಲಯದವರು ೨೦೨೨ನೆಯ ಜೂನ್ ತಿಂಗಳಲ್ಲಿ ಹನ್ನೆರಡು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಗಡಿದಾರಿಗಳಲ್ಲಿ ೭೫ ಕಡೆ ಪ್ರವಾಸಿ ಸೌಕರ್ಯಗಳನ್ನು ಏರ್ಪಡಿಸಲು ಒಪ್ಪಿಗೆ ಕೊಟ್ಟರು. ವಾಹನಗಳಿಗೆ ನಿಲುಗಡೆ, ಉಪಾಹಾರಗೃಹ, ಸ್ತ್ರೀಯರಿಗೂ ಪುರುಷರಿಗೂ ಅಂಗವಿಕಲರಿಗೂ ಪ್ರತ್ಯೇಕ ಶೌಚಗೃಹ, ಪ್ರಥಮ ಚಿಕಿತ್ಸೆಯ ಕೊಠಡಿ ಇವು ಆ ಯೋಜನೆಯ ಅಂಗಗಳು. ಖಾಸಗಿಯವರು ಹದಿನೈದು ವರ್ಷಗಳ ಲೈಸೆನ್ಸಿನ ಮೇಲೆ ಇವನ್ನು ನಡೆಸತಕ್ಕದ್ದೆಂದು ಏರ್ಪಾಟು. ಉದ್ದೇಶವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಥಿಕನನ್ನು ಯಾವ ಸ್ಥಳದಲ್ಲಿ ನಿಲ್ಲಿಸಬೇಕು, ಯಾವ ಸ್ಥಳದಲ್ಲಿ ನಿಲ್ಲಿಸಬಾರದು ಎಂಬ ಪ್ರಶ್ನೆಯು ಇವೆಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕು. ಪರ್ವತಪ್ರದೇಶದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಮನಾಲಿಯಿಂದ ಲೇಹ್ ಪಟ್ಟಣಕ್ಕೆ ಹೋಗುವ ದಾರಿಯನ್ನೇ ನೋಡೋಣ. ಮನಾಲಿಯು ಸಮುದ್ರಮಟ್ಟದಿಂದ ಸುಮಾರು ೨,೦೫೦ ಮೀಟರು ಎತ್ತರದಲ್ಲಿದೆ. ಬಹುಮಂದಿ ಪ್ರವಾಸಿಗರು ಅಲ್ಲಿಂದ ಬೆಳಿಗ್ಗೆ ಹೊರಟು ಆ ರಾತ್ರಿಯನ್ನು ಸರ್ಚು ಎಂಬ ಬಯಲಿನ ಡೇರೆಗಳಲ್ಲಿ ಕಳೆಯುತ್ತಾರೆ. ಸರ್ಚುವಿನ ಎತ್ತರ ಸುಮಾರು ೪,೩೦೦ ಮೀಟರು. ಅಲ್ಲಿಯ ವಾಯುವಿನ ಒತ್ತಡವು ಕಡಲತೀರದಲ್ಲಿರುವುದರ ಐದರಲ್ಲಿ ಮೂರು ಪಾಲು ಮಾತ್ರ. ಮೂರು ಸಾವಿರ ಮೀಟರಿನಿಂದಾಚೆಗೆ ನಿದ್ರಿಸುವ ಸ್ಥಳವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಾಗಿ ಏರಿಸಬಾರದೆಂಬುದು ವೈದ್ಯರ ಸಾಮಾನ್ಯ ಸಲಹೆ. ಹೀಗಿರುವಲ್ಲಿ ಒಂದೇ ಹಗಲಿನಲ್ಲಿ ಎರಡು ಸಾವಿರ ಮೀಟರಿಗೂ ಮೀರಿ ಏರಿ ಮಲಗುವವನು ತಲೆನೋವಿನಿಂದ ತಪ್ಪಿಸಿಕೊಂಡರೆ ಅದೃಷ್ಟವಂತನೇ ಸರಿ. ವ್ಯಾಧಿಯು ಪ್ರಬಲಿಸಿ ಶ್ವಾಸಕೋಶದಲ್ಲಿ ನೀರು ತುಂಬಿದರೆ ಶೀಘ್ರವಾಗಿ ಕೆಳಗಿಳಿಸುವುದೇ ಮುಖ್ಯ ಔಷಧ. ಸರ್ಚುವಿನಲ್ಲಿ ಆ ಔಷಧವೂ ಸುಲಭವಾಗಿ ದೊರೆಯದು. ಹಿಂದಕ್ಕೆ ಹೊರಟರೆ ೪,೮೯೦ ಮೀಟರಿನ ಬಾರಾಲಾಚಾ ಕಣಿವೆಯನ್ನೂ, ಮುಂದಕ್ಕೆ ಹೊರಟರೆ ಐದು ಸಾವಿರ ಮೀಟರನ್ನು ದಾಟಿದ ಲಾಚುಲುಂಗ್ ಕಣಿವೆಯನ್ನೂ ರೋಗಿಯು ಮೊದಲು ಹತ್ತಬೇಕು!

೨೦೨೦ನೆಯ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗವು ತೆರೆದ ಮೇಲೆ ಪ್ರಯಾಣವು ಇನ್ನಷ್ಟು ಬೇಗನೆ ಸಾಗುತ್ತಿದೆ. ಸುರಂಗವು ದಾರಿಯನ್ನು ಮೊಟಕುಮಾಡೀತು; ಎತ್ತರಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಬೇಕಾದ ಕಾಲವನ್ನು ಮೊಟಕುಮಾಡಲಾರದು. ಆದುದರಿಂದ ಪ್ರವಾಸಿಯ ವಿನೋದಕ್ಕೆ ಬೇಕಾದ ಸಾಧನಗಳನ್ನೆಲ್ಲ ಸುಮಾರು ೩,೧೦೦ ಮೀಟರು ಎತ್ತರದ ಕೇಲಾಂಗ್ ಮತ್ತು ಅದಕ್ಕೆ ತುಸು ಮೇಲಿರುವ ಜಿಸ್ಪಾ ಗ್ರಾಮಗಳಲ್ಲಿ ಕೂಡಿಸುವುದು ಉಚಿತ. ಚಂದ್ರಾ ಮತ್ತು ಭಾಗಾ ನದಿಗಳ ಸಂಗಮವಾದ ತಾಂಡಿಯೂ, ಶಾಶುರ್ ಮತ್ತು ಕರ್ದಾಂಗ್ ಬೌದ್ಧವಿಹಾರಗಳೂ ಕೇಲಾಂಗಿನ ಸಮೀಪದಲ್ಲಿಯೇ ಇವೆ. ನಡೆದು ನೋಡಲು ಕಾಲುದಾರಿಗಳು, ನದೀತೀರದಲ್ಲಿ ಉದ್ಯಾನ, ಲಾಹುಲಿನ ಜನಜೀವನವನ್ನು ತಿಳಿಸುವ ಒಂದು ಚಿಕ್ಕ ಪ್ರದರ್ಶನಶಾಲೆ ಇವಿಷ್ಟಿದ್ದರೆ ಪಥಿಕನು ಎರಡನೆಯ ರಾತ್ರಿಯನ್ನೂ ಸಂತೋಷದಿಂದ ಅಲ್ಲಿ ಕಳೆದಾನು. ಉಪದೇಶಕ್ಕೆ ನಿಲ್ಲದವನು ವಿನೋದಕ್ಕೆ ನಿಲ್ಲುತ್ತಾನೆ. ಸರ್ಚು, ಪಾಂಗ್ ಮೊದಲಾದ ಎತ್ತರದ ಠಾಣ್ಯಗಳಲ್ಲಿ ಬಿಸಿ ಆಹಾರ, ಆಮ್ಲಜನಕ, ದೂರವಾಣಿ, ಅಕಸ್ಮಾತ್ತಾಗಿ ಸಿಕ್ಕಿಕೊಂಡವರಿಗೆ ಬೆಚ್ಚನೆಯ ಆಶ್ರಯ ಇಷ್ಟಿದ್ದರೆ ಸಾಕು. ರಾತ್ರಿ ತಂಗಲು ಆಮಿಷವಿರಕೂಡದು.

ಮತ್ತೊಂದು ವಿಷಯ, ನೀರು. ಲೇಹ್ ಪ್ರಾಂತದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ನೂರು ಮಿಲಿಮೀಟರು. ಅಂಥ ಶೀತ ಮರುಭೂಮಿಯಲ್ಲಿ ನೀರು ಸುರಿಯುವ ಪಟ್ಟಣದ ಶೌಚಗೃಹಗಳು ಅಪವ್ಯಯ. ಚಳಿಗೆ ನಳಗಳು ಹೆಪ್ಪುಗಟ್ಟಿದರೆ ನಿರುಪಯುಕ್ತ. ಮಣ್ಣು ಹಾಕಿ ಗೊಬ್ಬರ ಮಾಡಿಕೊಳ್ಳುವ ಲಡಾಖಿನ ಮನೆಗಳ ಒಣ ಪಾಯಿಖಾನೆಯೇ ಅಲ್ಲಿಗೆ ತಕ್ಕುದು. ಮೇಲೆ ಹೋಗುವ ಸಾಮಾನಿನ ಕಸವು ಕೆಳಕ್ಕೆ ಮರಳಿ ಬರಬೇಕೆಂಬ ಕರಾರು ಪ್ರತಿಯೊಂದು ಲೈಸೆನ್ಸಿನಲ್ಲಿಯೂ ಇರಬೇಕು.

ಲಾಭವು ಯಾರಿಗೆ ಸಲ್ಲಬೇಕೆಂಬುದೂ ವಿಚಾರಣೀಯ. ಬೇಸಗೆಯ ಕೆಲವೇ ತಿಂಗಳು ಪ್ಯಾರಾಚೂಟ್ ಬಟ್ಟೆಯ ಗುಡಾರಗಳನ್ನು ಹೂಡಿ, ಚಹ ಅನ್ನಗಳನ್ನು ಒದಗಿಸಿ ಪಥಿಕರನ್ನು ಕಾಪಾಡುತ್ತ ಬಂದವರು ಆ ಪ್ರಾಂತದ ಬಡಜನರು. ದೂರದ ಧನಿಕರು ಹದಿನೈದು ವರ್ಷಗಳ ಹಕ್ಕನ್ನು ಪಡೆದು ಇವರನ್ನು ಕೂಲಿಗಳನ್ನಾಗಿ ಮಾಡಿದರೆ ಅದು ಅನ್ಯಾಯ. ಗ್ರಾಮದ ಸಹಕಾರ ಸಂಘಗಳಿಗೂ ಸ್ತ್ರೀ ಸಂಘಗಳಿಗೂ ಲೈಸೆನ್ಸಿನಲ್ಲಿ ಪ್ರಥಮ ಪ್ರಾಶಸ್ತ್ಯ ಸಿಗಬೇಕು. ಈ ಮಾತಿಗೆ ಒಳ್ಳೆಯ ನಿದರ್ಶನವು ಲಡಾಖಿನಲ್ಲಿಯೇ ಇದೆ. ಅದರಲ್ಲಿ ಕನ್ನಡನಾಡಿನ ಕೈಯೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹಾನ್ಲೆಯಲ್ಲಿ ಸ್ಥಾಪಿಸಿರುವ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ೨೦೨೨ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ವಲಯವೆಂದು ಘೋಷಿಸಲಾಯಿತು. ಸುತ್ತಲಿನ ಹಳ್ಳಿಯವರಿಗೆ ಸಂಸ್ಥೆಯೇ ಶಿಕ್ಷಣವನ್ನೂ ಚಿಕ್ಕ ದೂರದರ್ಶಕಗಳನ್ನೂ ಕೊಟ್ಟಿತು. ಅತಿಥಿಗಳಿಗೆ ನಕ್ಷತ್ರಗಳನ್ನು ತೋರಿಸಿ ಅವರು ಸಂಪಾದಿಸುತ್ತಾರೆ. ಬೆಟ್ಟವನ್ನು ಅಗೆಯದೆ, ದೀಪಗಳ ಜಗಮಗವಿಲ್ಲದೆ ಸಿಕ್ಕುವ ವಿನೋದವಿದು.

ದೇಶದ ಗಡಿಯನ್ನು ಸೈನಿಕನೊಬ್ಬನೇ ಕಾಯಲಾರನು. ಅಲ್ಲಿ ನೆಲಸಿ ಬಾಳುವ ಪ್ರಜೆಯೂ ಕಾಯುತ್ತಾನೆ. ಆ ಪ್ರಜೆಗೆ ಜೀವನೋಪಾಯವನ್ನೂ, ಅವನ ನಾಡನ್ನು ಕಾಣಬಂದ ದಕ್ಷಿಣದ ಸೋದರನಿಗೆ ಕ್ಷೇಮವನ್ನೂ ಏಕಕಾಲದಲ್ಲಿ ಒದಗಿಸುವಂತೆ ಸರ್ಕಾರದವರು ಈ ಯೋಜನೆಯನ್ನು ತಿದ್ದಿ ನಡೆಸಬೇಕೆಂದು ನಾವು ಆಶಿಸುತ್ತೇವೆ. ಪ್ರವಾಸ ಹೊರಡುವ ನಮ್ಮ ವಾಚಕರಾದರೂ ಕೇಲಾಂಗಿನಲ್ಲಿ ಎರಡು ರಾತ್ರಿ ತಂಗದೆ ಮೇಲಕ್ಕೆ ಏರಬಾರದೆಂದು ವಿಜ್ಞಾಪಿಸುತ್ತೇವೆ.