ಅವ್ವ ಬಿಸಿ ರೊಟ್ಟಿ ಉಂಡ ದಿನ!

ಚಿತ್ರರಸಿಕರೇ, ನಿಮಗೊಂದು ಪ್ರಶ್ನೆ. ನೀವು ಇದುವರೆಗೆ ನೋಡಿದ ಕನ್ನಡ ಸಿನಿಮಾಗಳನ್ನೆಲ್ಲ ಒಮ್ಮೆ ನೆನಪಿಸಿಕೊಳ್ಳಿ. ತಾಯಿ ಮಗನಿಗೆ ಊಟ ಬಡಿಸುವ ದೃಶ್ಯ ಎಷ್ಟು ಸಲ ಬಂದಿದೆ? ಪಂಢರಿಬಾಯಿಯವರ ಕಾಲದಿಂದ ಹಿಡಿದು ಇವತ್ತಿನವರೆಗೆ ಲೆಕ್ಕವೇ ಇಲ್ಲ! ಮಗ ಒಂದು ತುತ್ತು ಬಾಯಿಗಿಟ್ಟ ತಕ್ಷಣ ತಾಯಿಯ ಕಣ್ಣಲ್ಲಿ ನೀರು, ಹಿಂದೆ ಪಿಟೀಲು!

ಸರಿ, ಈಗ ಎರಡನೇ ಪ್ರಶ್ನೆ. ಆ ತಾಯಿ ತಾನು ಕೂತು ಹೊಟ್ಟೆ ತುಂಬ ಉಂಡ ದೃಶ್ಯ ಎಷ್ಟು ನೋಡಿದ್ದೀರಿ?

ನಾನಂತೂ ಬೆರಳು ಮಡಚಿ ಎಣಿಸಲು ಕೂತು, ಒಂದೇ ಬೆರಳಿನಲ್ಲಿ ನಿಂತುಬಿಟ್ಟೆ. ಚಿತ್ರರಂಗದಲ್ಲಿ ನಿರ್ಮಾಪಕರಿಗೆ 'ಅನ್ನದಾತ' ಎಂದು ಹೆಸರು ಕೊಟ್ಟು ಕೈಮುಗಿದವರು ನಮ್ಮ ಡಾ. ರಾಜ್‌ಕುಮಾರ್. ಹಾಗಾದರೆ ಮನೆಯ ಅನ್ನದಾತ ಯಾರು? ಆ ಅನ್ನದಾತೆಯ ಊಟ ಯಾವಾಗ? ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಗಾಂಧಿನಗರದಲ್ಲಿ ಅಲ್ಲ, ಗದಗ ಜಿಲ್ಲೆಯ ಪುರ್ತಗೇರಿಯಲ್ಲಿ.

ಗಜೇಂದ್ರಗಡದ ಕಡೆಯ ಹಳ್ಳಿ ಅದು. ಮೊದಲು ರೋಣ ತಾಲ್ಲೂಕು, ಈಗ ಗಜೇಂದ್ರಗಡವೇ ತಾಲ್ಲೂಕು. ನನ್ನ ಗೆಳೆಯನೊಬ್ಬ ಆ ಊರಿನವನು. ಗೋವಾದಲ್ಲಿ ಸೆಂಟ್ರಿಂಗ್ ಕೆಲಸ. ಈ ಭಾಗದ ಹುಡುಗರು ದುಡಿಯಾಕ ಅಂತ ಗೋವಾ, ಮಂಗಳೂರು, ಬೆಂಗಳೂರು ಸೇರುವುದು ಹೊಸದೇನಲ್ಲ. ಆದರೆ ಎಳ್ಳಮಾಸಿ ಬಂತೆಂದರೆ ಸಾಕು, ಎಲ್ಲಿದ್ದರೂ ಬಸ್ಸು ಹತ್ತುತ್ತಾರೆ. "ಬಾರಲೇ, ಸಿನಿಮಾ ಸುದ್ದಿ ಬರದು ಬರದು ಹೋಟೆಲ್ ಅನ್ನ ತಿಂದು ಸತ್ತಿ, ಚರಗದ ಊಟ ಉಣ್ಣು ಬಾ" ಎಂದು ಅವನು ಕರೆದ. ಹೋದೆ.

ಮೊದಲ ರೀಲು: ಮುಂಗಾರಿ

ಎರಿ ಭೂಮಿಯ ಊಟ ಎಂದರೆ ವರ್ಷಪೂರ್ತಿ ಓಡುವ ಸಿನಿಮಾ ಇದ್ದಂತೆ. ಒಂದೊಂದು ಕಾಲಕ್ಕೆ ಒಂದೊಂದು ರೀಲು. ಕಾಲ ಬದಲಾದರೆ ಹೀರೋನೂ ಬದಲು!

ಮಳೆ ಹಿಡಿದು ಹೆಸರು ಬಿತ್ತಿದ ಮೇಲೆ ಬರುವುದು ಪಂಚಮಿ. ಅದರ ಮುಂಚೆ ರೊಟ್ಟಿ ಹಬ್ಬ. ಮನೆಯಿಂದ ಮನೆಗೆ ಖಡಕ್ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬೀರುತ್ತಾರೆ. ನಿಮ್ಮ ಮನೆಯ ರೊಟ್ಟಿ ನಮ್ಮ ಮನೆಗೆ, ನಮ್ಮ ಮನೆಯದು ನಿಮ್ಮ ಮನೆಗೆ. ಸಂಜೆಗೆ ಬುಟ್ಟಿಯಲ್ಲಿ ಊರಿನ ಕೈಗಳೆಲ್ಲ ಸೇರಿರುತ್ತವೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಆ ದಿನದ ಹೀರೋ ಉಂಡಿ! ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಗುಳ್ಳಡಕಿ ಉಂಡಿ, ತಂಬಿಟ್ಟು, ಜೊತೆಗೆ ಜೋಳದ ಅಳ್ಳು. ತವರಿಗೆ ಬಂದ ಅಕ್ಕ-ತಂಗಿಯರು ಜೋಕಾಲಿ ಆಡುತ್ತಾರೆ. ಉಂಡಿ ಕಟ್ಟಿದ ಕೈಗಳು ಮಾತ್ರ ಇನ್ನೂ ಅಡುಗೆಮನೆಯಲ್ಲೇ!

ಎರಡನೇ ರೀಲು: ಹಿಂಗಾರಿ

ಅಸಲಿ ಕಥೆ ಇಲ್ಲಿದೆ. ಬಿಳಿ ಜೋಳ, ಕಡ್ಲಿ, ಕುಸುಬಿ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಮಳೆ ಹೋದ ಮೇಲೂ ಕರಿ ಮಣ್ಣು ತನ್ನೊಳಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಆ ತೇವ ಮತ್ತು ಚಳಿಗಾಲದ ಇಬ್ಬನಿ, ಇಷ್ಟರ ಮೇಲೆಯೇ ಬೆಳೆ ಬರಬೇಕು. ಅದಕ್ಕೇ ಚಳಿಗಾಲದ ತಾಟಿನಲ್ಲಿ ಹಸಿರೇ ಹಸಿರು. ಕಡ್ಲಿ ಗಿಡದ ಕುಡಿ ಚಿವುಟಿದರೆ ಗಿಡ ಮತ್ತಷ್ಟು ಕವಲೊಡೆಯುತ್ತದೆ, ಚಿವುಟಿದ ಕುಡಿ ಪಲ್ಯವಾಗುತ್ತದೆ. ಹೊಲಕ್ಕೂ ಲಾಭ, ಹೊಟ್ಟೆಗೂ ಲಾಭ! ಉಳಿದಿದ್ದನ್ನು ಒಣಗಿಸಿಟ್ಟರೆ ಬೇಸಿಗೆಗೆ ಆಯಿತು. ಆ ಎಲೆಗಳ ಮೇಲೆ ಹುಳಿ ಇರುತ್ತದೆ. ಹಿಂದಿನವರು ರಾತ್ರಿ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ, ಇಬ್ಬನಿಯಲ್ಲಿ ಕರಗಿ ಬಂದ ಆ ಹುಳಿಯನ್ನು ಬೆಳಿಗ್ಗೆ ಹಿಂಡಿ ಇಟ್ಟುಕೊಳ್ಳುತ್ತಿದ್ದರು. ಹೊಟ್ಟೆನೋವಿಗೆ ಅದೇ ಔಷಧ.

ಹಕ್ಕರಿಕಿ, ಮೆಂತ್ಯ, ಹಸಿ ಉಳ್ಳಾಗಡ್ಡಿ, ಮೂಲಂಗಿ... ಇವನ್ನೆಲ್ಲ ಬೇಯಿಸುವ ಗೋಜೇ ಇಲ್ಲ. ರೊಟ್ಟಿ, ಹಿಂಡಿ, ಒಂದು ಚಮಚ ಎಣ್ಣೆ, ಕೈಯಲ್ಲಿ ಹಸಿ ಪಲ್ಯ. ಮುಗಿಯಿತು. ಜೋಳದ ತೆನೆ ಹಾಲು ತುಂಬಿ ಗಟ್ಟಿಯಾಗುವ ಹೊತ್ತಿಗೆ ಅದನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಬಿಸಿ ಕಾಳು ತಿನ್ನುವುದೇ ಸೀತನಿ. ಶೇಂಗಾ ಚಟ್ನಿ, ಬೆಲ್ಲ ಜೊತೆಗಿದ್ದರೆ ಬಾಲ್ಕನಿ ಟಿಕೆಟ್ಟು ಸಿಕ್ಕಷ್ಟು ಖುಷಿ! ಇದು ವರ್ಷದಲ್ಲಿ ಕೆಲವೇ ವಾರಗಳ ಆಟ. ಕಾಳು ಬಲಿತರೆ ಆಟ ಬಂದ್.

ಎಳ್ಳಮಾಸಿಯ ದಿನ ನಾವೂ ಹೊಲಕ್ಕೆ ಹೋದೆವು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ. ನಂತರ ಬೆಳೆಯ ನಡುವೆ ಓಡಾಡುತ್ತ ಚರಗ ಚೆಲ್ಲಿದರು. ಉಂಬುವ ಮುಂಚೆ ಭೂಮಿಗೆ ಬಡಿಸುವ ಪದ್ಧತಿ ಇದು. ಆಮೇಲೆ ಗಂಟು ಬಿಚ್ಚಿದರು ನೋಡಿ! ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಯ, ಕಾಳು ಪಲ್ಯ, ಕಡುಬು, ಶೇಂಗಾ ಹೋಳಿಗೆ, ಕೆನೆ ಮೊಸರು.

ನಾವು ಗಂಡಸರು ಸಾಲಾಗಿ ಕೂತೆವು. ಗೆಳೆಯನ ಅವ್ವ ಬಡಿಸುತ್ತಲೇ ಇದ್ದರು.

"ಯವ್ವಾ, ನೀವೂ ಕುಂದರ್ರಿ" ಅಂದೆ.

"ನೀವು ಉಣ್ರಪಾ. ನಂದೇನೈತಿ, ಆಮ್ಯಾಲೆ ಉಂಡ್ರಾತು."

ಅದೇ ಡೈಲಾಗು! ಸಾವಿರ ಸಿನಿಮಾದಲ್ಲಿ ಕೇಳಿದ ಡೈಲಾಗು. ಆದರೆ ಆಗ ಗೆಳೆಯನ ತಮ್ಮ ಎದ್ದು ನಿಂತ. ಅವ್ವನ ಕೈಯಿಂದ ಬುಟ್ಟಿ ಕಸಿದುಕೊಂಡು, "ಕುಂದರಬೇ, ನಾ ನೀಡ್ತೀನಿ" ಎಂದ. ಅವರು ನಗುತ್ತ ಕೂತರು. ಇದೇನು ಹೊಸ ಚಿತ್ರಕಥೆ ಎಂದು ನಾನು ಬಾಯಿ ಬಿಟ್ಟೆ.

ಫ್ಲ್ಯಾಶ್‌ಬ್ಯಾಕು

ಎರಡು ವರ್ಷದ ಹಿಂದಿನ ಮಾತಂತೆ. ಅವ್ವನ ಬಲಗೈ ರಟ್ಟೆ ಹಿಡಿದುಬಿಟ್ಟಿತು. "ಒಂದು ತಿಂಗಳು ರೊಟ್ಟಿ ಬಡಿಯಬಾರದು" ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಅಪ್ಪ, ಮಕ್ಕಳು, ಎಲ್ಲ ಗಂಡಸರೇ. ನಾಲ್ಕು ದಿನ ಗಜೇಂದ್ರಗಡದಿಂದ ರೊಟ್ಟಿ ತಂದರು, ಖಾನಾವಳಿಯಿಂದ ಪಲ್ಯ ಕಟ್ಟಿಸಿಕೊಂಡು ಬಂದರು. ಹೊಟ್ಟೆ ತುಂಬಿತು, ಮನಸ್ಸು ತುಂಬಲಿಲ್ಲ. ರೊಕ್ಕವೂ ಕರಗಿತು. ಅದು ಚಳಿಗಾಲ ಬೇರೆ. ಹೊಲದಲ್ಲಿ ಕಡ್ಲಿ ಕುಡಿ ಚಿವುಟುವವರಿಲ್ಲ, ಗೂಡಿನಲ್ಲಿ ಹಿಂಡಿ ಮುಗಿದಿದೆ. ಒಬ್ಬಳ ಒಂದು ಕೈ ನಿಂತಿದ್ದಕ್ಕೆ ಇಡೀ ಮನೆಯ ಚಳಿಗಾಲವೇ ನಿಂತುಹೋಯಿತು!

ಐದನೇ ದಿನ ಈ ತಮ್ಮ ಒಲೆ ಮುಂದೆ ಕೂತ. ಕಟೌಟಿಗೆ ಹಾಲೆರೆದು ಕುಣಿಯುವ ಜಾತಿ ಇವನೂ, ನಮ್ಮ ನಿಮ್ಮ ಹಾಗೆ! ಅವ್ವ ಪಕ್ಕದಲ್ಲಿ ಕೂತು ಒಂದೊಂದೇ ಹೇಳಿಕೊಟ್ಟರು. ಜೋಳದ ಹಿಟ್ಟಿಗೆ ಗೋದಿಯ ಜಿಗುಟು ಇಲ್ಲ. ತಣ್ಣೀರು ಹಾಕಿದರೆ ರೊಟ್ಟಿ ಹರಿಯುತ್ತದೆ. ಕುದಿಯುವ ಎಸರು ಹಾಕಿದರೆ ಹಿಟ್ಟು ತನ್ನಷ್ಟಕ್ಕೆ ಹಿಡಿದುಕೊಳ್ಳುತ್ತದೆ. ಆಮೇಲೆ ಚೆನ್ನಾಗಿ ನಾದಬೇಕು. ಬಡಿಯುವಾಗ ಕೈಯೇ ರೊಟ್ಟಿಯನ್ನು ತಿರುಗಿಸಬೇಕು. ಹಂಚಿಗೆ ಹಾಕಿ ಮೇಲೆ ನೀರಿನ ಅರಿವೆ ಎಳೆಯಬೇಕು. ತಿರುವಿ ಹಾಕಿ ಬೆಂಕಿಗೆ ಹಿಡಿದರೆ ಬುಗ್ಗೆಯಾಗುತ್ತದೆ.

"ಮೊದಲನೇ ರೊಟ್ಟಿ ಕರ್ನಾಟಕದ ನಕಾಶೆ ಆಗಿತ್ತು" ಎಂದು ಅಣ್ಣ ಗೇಲಿ ಮಾಡಿದ. ಓಣಿಯ ಹುಡುಗರೂ ಬಿಡಲಿಲ್ಲವಂತೆ. "ಏನಲೇ, ಹೆಣ್ಣುಮಕ್ಕಳ ಕೆಲಸ ಹಿಡದಿ?" ಎಂದರು. ತಮ್ಮನ ಉತ್ತರ ಕೇಳಿ: "ಹೋಟೆಲ್‌ನ್ಯಾಗ ಮಾಡಿ ಹಾಕಾವ ಗಂಡಸಲ್ಲೇನು? ಅಲ್ಲಿ ರೊಕ್ಕ ಕೊಟ್ಟು ತಿಂತೀರಿ, ಇಲ್ಲಿ ನಗತೀರಿ?" ಭೇಷ್! ಸೀಟಿ ಹೊಡೆಯುವಂಥ ಮಾತು.

ಎಂಟು ದಿನಕ್ಕೆ ರೊಟ್ಟಿ ದುಂಡಗಾಯಿತು. ಒಂದು ಮಧ್ಯಾಹ್ನ ಹಂಚಿನಿಂದ ಇಳಿದ ರೊಟ್ಟಿಯನ್ನು ಹಾಗೇ ಅವ್ವನ ತಾಟಿಗೆ ಹಾಕಿದ. ಅವರು ಮುರಿದು ಬಾಯಿಗಿಟ್ಟು ಸುಮ್ಮನೆ ಕೂತರಂತೆ. ಆಮೇಲೆ ಹೇಳಿದ್ದಿಷ್ಟು: "ಬಿಸಿ ರೊಟ್ಟಿ ಇಷ್ಟ ರುಚಿ ಇರತೈತಿ ಅನ್ನೋದ ಮರತ ಹೋಗಿತ್ತಪಾ."

ಮದುವೆಯಾಗಿ ಬಂದಾಗಿನಿಂದ ಎಲ್ಲರಿಗೂ ಬಿಸಿ ರೊಟ್ಟಿ ಹಾಕಿದ ಕೈ ಅದು. ತಾನು ಉಣ್ಣುವ ಹೊತ್ತಿಗೆ ಯಾವಾಗಲೂ ಆರಿದ ರೊಟ್ಟಿ! ಈ ಮಾತು ಕೇಳಿ ನಾನು ಮುಖ ಆ ಕಡೆ ತಿರುಗಿಸಿದೆ. ಯಾವ ನಿರ್ದೇಶಕನೂ ನನ್ನನ್ನು ಇಷ್ಟು ಅಲ್ಲಾಡಿಸಿರಲಿಲ್ಲ.

ಇಂಟರ್ವಲ್: ಬನಶಂಕರಿ ಜಾತ್ರೆ

ಜನವರಿಯ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಈ ಸೀಮೆಯ ನಾಟಕ ಕಂಪನಿಗಳಿಗೆ ಅದೇ ದೊಡ್ಡ ಬಾಕ್ಸಾಫೀಸು. ಸಿನಿಮಾದ ಮುಖಗಳೂ ಅಲ್ಲಿ ಬಣ್ಣ ಹಚ್ಚುವುದುಂಟು. ಬನಶಂಕರಿ ಎಂದರೆ ಶಾಕಾಂಬರಿ, ಕಾಯಿಪಲ್ಯದ ದೇವಿ! ಜಾತ್ರೆಗೆ ಮುಂಚೆ 'ಪಲ್ಲೇದ ಹಬ್ಬ' ಮಾಡಿ 108 ಬಗೆಯ ಪಲ್ಯದ ನೈವೇದ್ಯ ಕೊಡುತ್ತಾರೆ. ಗುಡಿಯ ಹತ್ತಿರ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಹಿಂಡಿ, ಗಡಿಗೆಯಲ್ಲಿ ಮೊಸರು ಹೊತ್ತು ತಂದು ಮಾರುತ್ತಾರೆ. ಮನೆಯ ಅಡುಗೆಗೆ ಬೆಲೆ ಇದೆ ಎಂದು ತಿಳಿಯಬೇಕಾದರೆ ಅಲ್ಲಿ ಒಮ್ಮೆ ಕೂತು ಉಣ್ಣಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಘೋಷಿಸಿತ್ತು. ಆ ಬುಟ್ಟಿಯ ಹೆಂಗಸರಿಗೆ ಘೋಷಣೆ ಬೇಕಿರಲಿಲ್ಲ. ಅವರು ಅದನ್ನು ಬಡಿಯುತ್ತಲೇ ಇದ್ದರು.

ಬೆಳ್ಳಿತೆರೆಯ ತಾಟು

ಅಂದ ಹಾಗೆ, ನಮ್ಮ ತೆರೆಗೂ ತಾಟಿಗೂ ನಂಟು ಹಳೆಯದು. 1974ರ 'ಭೂತಯ್ಯನ ಮಗ ಅಯ್ಯು' ನೋಡಿದವರು ಲೋಕನಾಥ್ ಅವರ ಉಪ್ಪಿನಕಾಯಿ ಪ್ರಸಂಗ ಮರೆತಿದ್ದಾರೆಯೇ? ಇಂದಿಗೂ ಬಾಯಲ್ಲಿ ನೀರು! 2014ರಲ್ಲಿ ಪ್ರಕಾಶ್ ರೈ 'ಒಗ್ಗರಣೆ' ಎಂದೇ ಚಿತ್ರ ಮಾಡಿದರು. ಆದರೆ ನನ್ನನ್ನು ಕಾಡುವುದು ಅವರೇ ನಟಿಸಿದ 'ನಾಗಮಂಡಲ'. ಕಾರ್ನಾಡರ ನಾಟಕ ಆಧರಿಸಿ ನಾಗಾಭರಣ 1997ರಲ್ಲಿ ತೆರೆಗೆ ತಂದ ಚಿತ್ರ. ಗಂಡ ಅಪ್ಪಣ್ಣ ಮನೆಗೆ ಬರುವುದು ಯಾಕೆ? ಮಧ್ಯಾಹ್ನದ ಊಟಕ್ಕೆ. ಉಂಡ, ಹೊರಗಿನಿಂದ ಬೀಗ ಹಾಕಿದ, ಹೋದ! ರಾಣಿಯ ಅಡುಗೆ ಅವನ ಹೊಟ್ಟೆಗೆ ಹೋಯಿತು, ರಾಣಿ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಅಡುಗೆ ಇದ್ದಲ್ಲೆಲ್ಲ ಸಂಸಾರ ಇರುತ್ತದೆ ಎನ್ನುವಂತಿಲ್ಲ, ಗೆಳೆಯರೇ. ಕೂಡಿ ಉಣ್ಣುವಲ್ಲಿ ಇರುತ್ತದೆ.

ಇನ್ನೊಂದು ಕಥೆ ರೋಣದ್ದೇ. 1922ರಲ್ಲಿ ಅಲ್ಲಿ ಹುಟ್ಟಿದ ಹುಡುಗನೊಬ್ಬ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದ. ಅವ್ವ ಇನ್ನೊಂದು ಚಮಚ ತುಪ್ಪ ಬಡಿಸಲಿಲ್ಲ ಎಂಬ ಸಿಟ್ಟಿಗೆ ಎದ್ದು ಹೋದನೆಂದು ಕಥೆ ಹೇಳುತ್ತಾರೆ. ಒಳಗಿದ್ದದ್ದು ಹಾಡಿನ ಹಸಿವು. ಆ ಹುಡುಗನೇ ಪಂಡಿತ ಭೀಮಸೇನ ಜೋಶಿ! 1966ರ 'ಸಂಧ್ಯಾರಾಗ'ದಲ್ಲಿ ಬಾಲಮುರಳಿಕೃಷ್ಣ ಅವರೂ ಇವರೂ ಹಾಡಿದ್ದನ್ನು ನೀವು ಕೇಳಿರಬೇಕು. ಭಾರತರತ್ನದವರೆಗೆ ಏರಿದ ಜೀವನದ ಕಥೆಯನ್ನು ಜನ ಶುರುಮಾಡುವುದು ಮಾತ್ರ ಆ ತುಪ್ಪದ ಚಮಚದಿಂದಲೇ. ಎಲ್ಲಿಗೆ ಹೋದರೂ ಅವ್ವನ ತಾಟು ಬೆನ್ನು ಬಿಡುವುದಿಲ್ಲ.

ಕೊನೆಯ ರೀಲು: ಬೇಸಿಗೆ

ರಾಶಿ ಮುಗಿದು ಬಿಸಿಲು ಏರಿದರೆ ಶಾವಿಗೆ, ಹಪ್ಪಳ, ಸಂಡಿಗೆ, ಕುರುಡಿಗೆಗಳ ಕಾಲ. ಇದು ಒಬ್ಬರ ಕೆಲಸವಲ್ಲ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಓಣಿಯ ಹೆಣ್ಣುಮಕ್ಕಳೆಲ್ಲ ಸೇರುತ್ತಾರೆ. ಮಧ್ಯಾಹ್ನ ನುಚ್ಚು-ಮಜ್ಜಿಗೆ, ಹಬ್ಬಕ್ಕೆ ಹೋಳಿಗೆಯ ಜೊತೆ ಮಾವಿನ ಸೀಕರಣೆ, ಭರಣಿಯಲ್ಲಿ ಹೊಸ ಉಪ್ಪಿನಕಾಯಿ. ಮುಂದಿನ ಮಳೆಗಾಲದ ಊಟ ಈ ಬಿಸಿಲಿನಲ್ಲೇ ಒಣಗುತ್ತದೆ. ಈಗ ಮಷೀನು ಶಾವಿಗೆ ಬಂದಿದೆ, ರೊಟ್ಟಿಯೂ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಎಷ್ಟೋ ಹೆಂಗಸರ ರಟ್ಟೆ ಉಳಿದಿದೆ, ಎಷ್ಟೋ ಮನೆಗಳಿಗೆ ಸಂಪಾದನೆ ಆಗಿದೆ. ಆದರೆ ಯಾವ ಪಲ್ಯ ಯಾವಾಗ, ಯಾವ ಕುಡಿ ಎಷ್ಟು ಎಳೆಯದಿರಬೇಕು, ಎಸರು ಎಷ್ಟು ಕುದಿಯಬೇಕು ಎಂಬುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಅವ್ವನ ಕೈಯಲ್ಲಿದೆ. ಕಲಿಯುವವರಿಲ್ಲದಿದ್ದರೆ ಅವ್ವನ ಜೊತೆಗೇ ಹೋಗುತ್ತದೆ.

ಗೋವಾದ ರೂಮಿನಲ್ಲಿ ನನ್ನ ಗೆಳೆಯ ಈಗ ವಾರಕ್ಕೆ ಎರಡು ದಿನ ಝುಣಕ ಮಾಡುತ್ತಾನಂತೆ. ರೂಮಿನಲ್ಲಿರುವ ಓದುಗ ಮಿತ್ರರೇ, ನಿಮಗೂ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಒಂದು ವಾಟಗ ಕಡ್ಲಿ ಹಿಟ್ಟಿಗೆ ಎರಡೂವರೆ ವಾಟಗ ನೀರು. ಹಿಟ್ಟನ್ನು ಅರ್ಧ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ ಹುರಿದು ಅರಿಷಿಣ, ಉಪ್ಪು ಹಾಕಿ. ಉಳಿದ ನೀರು ಸುರಿದು ಕುದಿಸಿ, ಕಲಸಿದ ಹಿಟ್ಟನ್ನು ಕೈಬಿಡದೆ ತಿರುವುತ್ತ ಹಾಕಿ. ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಐದು ನಿಮಿಷ. ಮೇಲೆ ಕೊತ್ತಂಬರಿ. ಊರಿಂದ ತಂದ ಖಡಕ್ ರೊಟ್ಟಿ ಇದ್ದರೆ ಇಷ್ಟೇ ಸಾಕು, ಹಬ್ಬ!

ಮುಂದಿನ ಸಲ ಊರಿಗೆ ಹೋದಾಗ ಇದನ್ನು ನೀವೇ ಮಾಡಿ, ಬಿಸಿ ಇರುವಾಗಲೇ ಅವ್ವನ ತಾಟಿಗೆ ಮೊದಲು ಹಾಕಿ. ಫಸ್ಟ್ ಡೇ ಫಸ್ಟ್ ಶೋ ನಮಗಷ್ಟೇ ಯಾಕೆ? ಅವ್ವನಿಗೂ ಒಂದು ಇರಲಿ. ಏನಂತೀರಿ?