ಕುಡಿತವು ರೋಗವಾಗುವುದು ಯಾವಾಗ?



ಪಗಾರದ ಸಂಜೆ ಗೆಳೆಯರೊಡನೆ ಒಂದು ಗ್ಲಾಸು ಎಂದು ಮೊದಲಾದ ಕುಡಿತವು ಯಾವ ದಿನ ರೋಗವಾಯಿತೆಂಬುದು ಕುಡಿಯುವವನಿಗೇ ತಿಳಿಯುವುದಿಲ್ಲ. ಪಾಳಿ ತಪ್ಪಿಸದವನು, ಬೀದಿಯಲ್ಲಿ ಬೀಳದವನು ತಾನು ಕುಡುಕನಲ್ಲವೆಂದೇ ನಂಬಿರುತ್ತಾನೆ. ಆದರೆ ಗಿರಣಿಯ ಹಾಜರಿ ಪುಸ್ತಕ ಬರೆಯುವ ನಮಗೆ ಪಗಾರದ ಮರುದಿನದ ಗೈರುಹಾಜರಿ ಬೇರೆಯದೇ ಮಾತು ಹೇಳುತ್ತದೆ.

ರೋಗವನ್ನು ಗುರುತಿಸುವುದು ಹೇಗೆ? ಅಮೆರಿಕದ ವೈದ್ಯರಾದ ಜಾನ್ ಯೂಯಿಂಗ್ ಅವರು 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳುಂಟು. ಕುಡಿತ ಕಡಿಮೆ ಮಾಡಬೇಕೆಂದು ನಿಮಗೆ ಅನಿಸಿದೆಯೇ? ಅದರ ಬಗ್ಗೆ ಇತರರು ಆಕ್ಷೇಪಿಸಿದಾಗ ಸಿಟ್ಟು ಬಂದಿದೆಯೇ? ಕುಡಿದುದಕ್ಕಾಗಿ ಮನಸ್ಸು ಅಳುಕಿದೆಯೇ? ಕೈನಡುಕ ನಿಲ್ಲಲೆಂದು ಬೆಳಗ್ಗೆ ಎದ್ದ ಕೂಡಲೇ ಕುಡಿದದ್ದುಂಟೇ? ಎರಡು ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣುವುದು ಲೇಸು.

ಬೀರು ಹಗುರವೆಂಬ ಮಾತನ್ನು ನಂಬಬಾರದು. ನೂರಕ್ಕೆ 5ರಷ್ಟು ಮದ್ಯಸಾರವುಳ್ಳ 650 ಮಿಲಿಲೀಟರಿನ ಒಂದು ಬಾಟಲಿಯು, 30 ಮಿಲಿಲೀಟರಿನ ಎರಡೂವರೆ ಪೆಗ್ ವಿಸ್ಕಿಗೆ ಸಮ. ಹೆಸರು ಬೇರೆಯಾದರೂ ಒಳಗಿನ ವಸ್ತು ಒಂದೇ.

ಈ ವಸ್ತುವನ್ನು ಕರಗಿಸುವ ಭಾರ ಹೆಚ್ಚಾಗಿ ಯಕೃತ್ತಿನದು, ಅಂದರೆ ಲಿವರಿನದು. ಮೊದಲು ಅದರಲ್ಲಿ ಕೊಬ್ಬು ತುಂಬುತ್ತದೆ, ನೋವಿರುವುದಿಲ್ಲ. ಈ ಹಂತದಲ್ಲಿ ಬಿಟ್ಟರೆ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಬಿಡದಿದ್ದರೆ ಉರಿಯೂತವಾಗಿ, ಕಡೆಗೆ ಯಕೃತ್ತು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಕಣ್ಣು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿಯಾಗುವುದು ಆಗಲೇ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೂ ಮದ್ಯ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 1988ರಲ್ಲಿಯೇ ಸಾರಿದೆ.

ಒಂದೇ ಖೋಲಿಯಲ್ಲಿ ನಾಲ್ಕಾರು ಜನ ಇರುವ ನಾವು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಶ್ರಾವಣ ಬಂತೆಂದೋ ಊರ ದೇವರಿಗೆ ಹರಕೆ ಹೊತ್ತೋ ದಿನವೂ ಕುಡಿಯುವವನು ಒಮ್ಮೆಲೇ ಬಿಡುತ್ತಾನೆ. ಸಂಕಲ್ಪ ಒಳ್ಳೆಯದೇ. ಆದರೆ ಕಡೆಯ ಗುಟುಕಿನ ತರುವಾಯ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ನಿದ್ರೆಗೇಡು ಬರಬಹುದು. ಮೊದಲ ಎರಡು ದಿನಗಳಲ್ಲಿ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಜ್ವರವೇರಿ, ಇಲ್ಲದ ಹುಳು ಹುಪ್ಪಟೆ ಕಂಡು, ದಿಕ್ಕು ತಪ್ಪಿ ಮಾತಾಡುತ್ತಾರೆ. ಇದು ದೆವ್ವವಲ್ಲ, ನಾಟಕವೂ ಅಲ್ಲ. ತಾಯಿತ ಕಟ್ಟಿ ಖೋಲಿಯಲ್ಲಿ ಕೂಡಿಹಾಕಿದರೆ ಪ್ರಾಣಕ್ಕೇ ಅಪಾಯ. ತಡಮಾಡದೆ ಸರಕಾರಿ ದವಾಖಾನೆಗೆ ಒಯ್ಯಬೇಕು; ಅವನು ದಿನವೂ ಕುಡಿಯುತ್ತಿದ್ದು ಬಿಟ್ಟನೆಂಬುದನ್ನು ನಾಚದೆ ಹೇಳಬೇಕು. ಅದನ್ನು ಕೇಳಿದರೆ ವೈದ್ಯರಿಗೆ ಸರಿಯಾದ ಔಷಧವನ್ನೂ ಬಿ1 ಜೀವಸತ್ವವನ್ನೂ ಕೊಡಲು ಅನುಕೂಲವಾಗುತ್ತದೆ. ದಿನವೂ ಕುಡಿಯುವವನು ಬಿಡುವ ಮುನ್ನವೇ ವೈದ್ಯರ ಸಲಹೆ ಪಡೆದರೆ ಈ ಕಷ್ಟ ಬಹಳಷ್ಟು ತಪ್ಪುತ್ತದೆ.

ಸಲಹೆಗಾಗಿ 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು; ಖರ್ಚಿಲ್ಲ. ಊರ ಕಡೆ ಹೋದವರಿಗೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಸಂಖ್ಯೆಯನ್ನು ವಾಚನಾಲಯದ ಫಲಕದ ಮೇಲೂ ಬರೆದಿಟ್ಟಿದ್ದೇವೆ. ಹೆಸರು ಕೇಳುವವರಿಲ್ಲ, ಬರೆದುಕೊಂಡು ಹೋಗಬಹುದು.