ಪ್ಲೇಟಿನ ದನಿಗೆ ಹೊಸ ಪೆಟ್ಟಿಗೆ ಬೇಕೆ?

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಇಬ್ಬರೂ 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದರು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಪ್ಲೇಟಿನ ಒಂದು ಬದಿಯಲ್ಲಿ ಮೂರು ಚಿಲ್ಲರೆ ನಿಮಿಷಕ್ಕೆ ಮುಗಿಸಬೇಕಿತ್ತು. ಧಾರವಾಡಕ್ಕೆ ಸಮೀಪದ ದೊಡವಾಡ, ಬೈಲಹೊಂಗಲದ ಕಡೆ ಯಾರದಾದರೂ ಮನೆಯ ಅಟ್ಟದಲ್ಲಿ ಅಂಥ ಪ್ಲೇಟು ಇಂದಿಗೂ ಸಿಕ್ಕೀತು. ಜೊತೆಗೆ ನಂತರದ ದಿನಗಳ ನಾಲ್ಕಾರು ಎಲ್‌ಪಿಗಳೂ ಇದ್ದಾವು. ಅವನ್ನು ಕೇಳಲು ಟರ್ನ್‌ಟೇಬಲ್ ಕೊಂಡವರಿಗೆ ಬೇಗನೆ ಎದುರಾಗುವ ಪ್ರಶ್ನೆ, ಇನ್ನೂ ಬೆಲೆಬಾಳುವ ಫೋನೊ ಸ್ಟೇಜ್ ಬೇಕೆ ಎಂಬುದು.

ಫೋನೊ ಸ್ಟೇಜ್ ಎಂದರೆ ಟರ್ನ್‌ಟೇಬಲ್ ಹಾಗೂ ಆಂಪ್ಲಿಫೈಯರ್ ನಡುವಿನ ಸಣ್ಣ ಪೆಟ್ಟಿಗೆ. ಮುಳ್ಳಿನ ಅಲುಗಾಟವನ್ನು ಕಾರ್ಟ್ರಿಜ್ ವಿದ್ಯುತ್ತಾಗಿ ಬದಲಿಸುತ್ತದೆ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 5 ಮಿಲಿವೋಲ್ಟ್‌ನಷ್ಟು. ಮೂವಿಂಗ್ ಕಾಯಿಲ್ ಬಗೆಯದು ಬಹುಮಟ್ಟಿಗೆ ಅದರ ಹತ್ತನೆಯ ಒಂದು ಪಾಲು. ಇದನ್ನು ಹಿಗ್ಗಿಸುವುದು ಪೆಟ್ಟಿಗೆಯ ಮೊದಲ ಕೆಲಸ.

ಎರಡನೆಯದು ಇನ್ನೂ ಸೂಕ್ಷ್ಮ. ಮಂದ್ರ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೆರೆ ಅಗಲಕ್ಕೆ ಹೊರಳಿ ಪಕ್ಕದ ಗೆರೆಗೆ ತಾಗುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ನುಡಿಸುವಾಗ ಪೆಟ್ಟಿಗೆ ಅದನ್ನು ತಿರುವುಮುರುವು ಮಾಡುತ್ತದೆ. ಡಗ್ಗಾದ ಗುಮುಕು ಮರಳುತ್ತದೆ, ತಾರದೊಂದಿಗೆ ಪ್ಲೇಟಿನ ಸರಸರ ಸದ್ದೂ ಇಳಿಯುತ್ತದೆ. ಈ ಏರಿಳಿತದ ಅಳತೆಯನ್ನು ಅಮೆರಿಕದ ಆರ್‌ಐಎಎ ಸಂಸ್ಥೆ 1954ರಲ್ಲಿ ಗೊತ್ತುಮಾಡಿತು. ಅದಕ್ಕೆ ಮುಂಚೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ತೊಡಕು ಇರುವುದು ಇಲ್ಲಿಯೇ. ಇಂದಿನ ಬಹುತೇಕ ಪೆಟ್ಟಿಗೆಗಳಿಗೆ ಆರ್‌ಐಎಎ ಅಳತೆಯೊಂದೇ ಗೊತ್ತು. 1930ರ ದಶಕದ 78 ವೇಗದ ಪ್ಲೇಟುಗಳಲ್ಲಿ ತಾರವನ್ನು ಅಷ್ಟು ಏರಿಸುತ್ತಿರಲಿಲ್ಲ. ಪೆಟ್ಟಿಗೆಯೋ ಏರಿಸದೆ ಇದ್ದುದನ್ನೂ ಇಳಿಸಿಬಿಡುತ್ತದೆ. ಗಾಯಕರ ದನಿ ಮಂಕಾಗುತ್ತದೆ. ಎಷ್ಟೇ ಹಣ ಸುರಿದರೂ ಆ ಮಂಕು ಹೋಗದು. ಅಂಥ ಪ್ಲೇಟುಗಳಿಗೆ ಬೇಕಾದುದು ಅಳತೆ ಬದಲಿಸಬಲ್ಲ ಪೆಟ್ಟಿಗೆ. ಅದಕ್ಕೂ ಮೊದಲು ಮುಳ್ಳು: ಎಲ್‌ಪಿಯ ಮುಳ್ಳಿನ ತುದಿ ಸುಮಾರು 18ರಿಂದ 25 ಮೈಕ್ರಾನ್, 78ರದು ಸುಮಾರು 75. ಎಲ್‌ಪಿ ಮುಳ್ಳು ಹಳೆಯ ಪ್ಲೇಟಿನ ಗೆರೆಯ ತಳಕ್ಕಿಳಿದು ಕಸವನ್ನೇ ಕೆರೆಯುತ್ತದೆ.

ಎಲ್‌ಪಿ ಮಾತ್ರ ಕೇಳುವವರು ಹೀಗೆ ಪರೀಕ್ಷಿಸಬಹುದು. ಮುಳ್ಳನ್ನು ಮೇಲೆತ್ತಿ, ದನಿಯನ್ನು ಎಂದಿನ ಮಟ್ಟದಲ್ಲಿಡಿ. ಕೂತಲ್ಲಿಗೆ ಹಿಸ್ಸೆಂಬ ಸದ್ದು ಕೇಳಿಸಿದರೆ ದೋಷ ಪೆಟ್ಟಿಗೆ, ಆಂಪ್ಲಿಫೈಯರ್‌ಗಳಲ್ಲಿದೆ, ಬದಲಾವಣೆಗೆ ಕಾರಣವಿದೆ. ಗುಂಯ್ಗುಟ್ಟಿದರೆ ಮೊದಲು ಅರ್ಥ್ ತಂತಿ ನೋಡಿ. ಹಾಡುವಾಗ ಮಾತ್ರ ಚಟಪಟ ಎಂದರೆ ಪ್ಲೇಟು ತೊಳೆಯಬೇಕು. ಆದರೆ ಅರಗಿನಿಂದಾದ 78ರ ಪ್ಲೇಟಿಗೆ ಸ್ಪಿರಿಟ್ ತಾಗಿಸಬಾರದು, ಮೈ ಕರಗುತ್ತದೆ. ಹಾಡು ಒಡೆದಂತೆ ಕೇಳಿದರೆ ಮುಳ್ಳು ಸವೆದಿರಬಹುದು. ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಹಾಕಿಸುವವರಿಗೆ ಹೆಚ್ಚು ಹಿಗ್ಗಿಸುವ ಪೆಟ್ಟಿಗೆ ಬೇಕೇಬೇಕು.

ಪೆಟ್ಟಿಗೆಯನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ಸವೆದ ಮುಳ್ಳು ಗೆರೆಯಿಂದ ಕೆರೆದು ಹಾಕಿದ ದನಿ ಮಾತ್ರ ಮರಳಿ ಬಾರದು. ಆದ್ದರಿಂದ ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಮುಳ್ಳಿಗೆ, ಎರಡನೆಯದು ಪ್ಲೇಟಿನ ಶುಚಿಗೆ. ಪೆಟ್ಟಿಗೆಯ ಸರದಿ ಆನಂತರ.